ಎತ್ತದ ಕೈಗಳು

ತನ್ನನ್ನು ಕಂಡ ಕೂಡಲೇ ಮಾತು ನಿಲ್ಲುವುದು ಬೆಳಗಿನಿಂದ ಇದು ಮೂರನೆಯ ಸಲ. ಮೊದಲ ಸಲ ಮೇಲಿನ ಬೀದಿಯ ನಲ್ಲಿಯ ಹತ್ತಿರ ಹಾಗಾದಾಗ ಅವಳು ತಲೆ ಕೆಡಿಸಿಕೊಂಡಿರಲಿಲ್ಲ. ಆ ಬೀದಿಯವರ ಮಾತು ಎರಡು ವರ್ಷದಿಂದಲೂ ಅವಳನ್ನು ಕಂಡರೆ ನಿಲ್ಲುತ್ತಿತ್ತು, ಅವಳು ಹತ್ತು ಹೆಜ್ಜೆ ದಾಟಿದ ಮೇಲೆ ನಗೆಯಾಗಿ ಮತ್ತೆ ಶುರುವಾಗುತ್ತಿತ್ತು. ಎರಡನೆಯದು ಹಿಟ್ಟಿನ ಗಿರಣಿಯ ಎದುರು. ಮೂರನೆಯದು ಇಲ್ಲಿ, ತಗ್ಗಿನ ಬೀದಿಯಲ್ಲಿ, ಅವಳದೇ ಬೀದಿಯಲ್ಲಿ, ಪಕ್ಕದ ಮನೆಯ ದರ್ಜಿ ಹೆಂಗಸಿನ ಬಾಗಿಲಲ್ಲಿ. ಒಳಗೆ ನಾಲ್ಕು ಜನ ಕೂತಿದ್ದರು. ಯಾರೋ ಏನೋ ಹೇಳುತ್ತಿದ್ದವರು ಅರ್ಧಕ್ಕೆ ಬಿಟ್ಟರು. ದರ್ಜಿ ಹೆಂಗಸು ತಲೆ ಎತ್ತಿ, "ಏನಕ್ಕಾ, ನೀರು ಬಿಟ್ಟು ಬಂದ್ಯಾ?" ಎಂದಳು. ಹೊಸ್ತಿಲ ಪಕ್ಕದಲ್ಲೇ ಅವಳ ಮೂರು ಕೊಡ ತುಂಬಿ ತುಳುಕುತ್ತಿದ್ದವು. ತುಂಬಿದ ಕೊಡ ಎದುರಿಗಿಟ್ಟುಕೊಂಡು ನೀರು ಬಿಟ್ಟೆಯಾ ಎಂದು ಯಾರಾದರೂ ಕೇಳುತ್ತಾರೆಯೇ? "ಸಂಜೆ ಸಭೆಗೆ ಬರ್ತೀರಲ್ಲ ಎಲ್ಲರೂ?" ಎಂದು ಇವಳು ಕೇಳಿದಳು. "ಬರದೇ ಏನಕ್ಕಾ" ಎಂದು ನಗುತ್ತಾ ದರ್ಜಿ ಹೆಂಗಸು ಮಿಷನ್ನಿನ ಮೇಲೆ ಬಾಗಿದಳು. ಅವಳ ಎರಡೂ ಕಾಲು ಪೆಡಲು ತುಳಿಯುತ್ತಲೇ ಇದ್ದವು, ಸೂಜಿ ಏರಿ ಇಳಿಯುತ್ತಲೇ ಇತ್ತು, ಅದರ ಕೆಳಗೆ ಬಟ್ಟೆಯೇ ಇರಲಿಲ್ಲ. ಅದನ್ನು ಇವಳು ನೋಡಿದಳು. ನೋಡಿಯೂ, ನೀರಿನ ವಾಲ್ವ್ ತಿರುಗಿಸಲು ಹೆಗಲ ಮೇಲೆ ಹೊತ್ತ ಕಬ್ಬಿಣದ ಕೀಲಿಯನ್ನು ಆ ಹೆಗಲಿಂದ ಈ ಹೆಗಲಿಗೆ ಬದಲಿಸಿ, ಏನೂ ಆಗಿಲ್ಲವೆಂಬಂತೆ ಮನೆಯ ಕಡೆ ನಡೆದಳು.

ಏನೂ ಆಗಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಬೇಕಾಗಿ ಬಂದಿದ್ದೇ ಅವಳಿಗೆ ಕಿರಿಕಿರಿ. ಆರು ತಿಂಗಳಿಗೊಮ್ಮೆ ನೀರಿನ ಸಮಿತಿ ಸಭೆ ಸೇರುತ್ತಿತ್ತು, ಆರು ತಿಂಗಳಿಗೊಮ್ಮೆ ಈಕೆಯೇ ಮುಂದುವರಿಯಲಿ ಎಂದು ಯಾರೋ ಅನ್ನುತ್ತಿದ್ದರು, ಆಗಲಿ ಎಂದು ಉಳಿದವರು ಎದ್ದು ಸೆರಗು ಕೊಡವಿಕೊಂಡು ಹೋಗುತ್ತಿದ್ದರು. ಈ ಸಲ ಮಾತ್ರ ಕೈ ಎತ್ತಬೇಕಂತೆ. ಹೆಂಗಸರೇ ಎತ್ತಬೇಕಂತೆ. "ಒಳ್ಳೇದೇ ಆಯ್ತಲ್ಲ, ಊರ ಹೆಂಗಸರೆಲ್ಲ ನಿನ್ನ ಕಡೆ" ಎಂದು ನಿನ್ನೆ ಗಂಡ ಅಂದಿದ್ದ, ಅನ್ನುವಾಗ ಪಂಕ್ಚರಾದ ಟ್ಯೂಬಿನ ತೂತು ಹುಡುಕುತ್ತಾ ಬೋಗುಣಿಯ ನೀರನ್ನೇ ನೋಡುತ್ತಿದ್ದ. ಊರ ಹೆಂಗಸರೆಲ್ಲ ಅಲ್ಲ, ತಗ್ಗಿನ ಬೀದಿಯವರಾದರೂ ತನ್ನ ಕಡೆ, ಅದರಲ್ಲಿ ಅನುಮಾನವಿಲ್ಲ. ಅವಳು ನೀರು ಬಿಡುವ ಕೆಲಸಕ್ಕೆ ಬರುವ ಮುಂಚೆ ಮೇಲಿನ ಬೀದಿಗೆ ಮೂರು ಗಂಟೆ ನೀರು, ತಗ್ಗಿನ ಬೀದಿಗೆ ಅರ್ಧ ಗಂಟೆ. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಪೈಪು ದಿಬ್ಬ ಹತ್ತಿ ಇಳಿಯಬೇಕು, ನೀರು ಏರಲ್ಲ, ಅಷ್ಟೇ ಎಂದು ಹಳೆಯ ನೀರಗಂಟಿ ಹೇಳುತ್ತಿದ್ದ. ಅವಳು ಬಂದು ಎರಡೇ ವಾರದಲ್ಲಿ ನೀರು ದಿಬ್ಬ ಏರಿತು. ಎರಡೂ ಬೀದಿಗೂ ಸರಿಯಾಗಿ ಒಂದೂಮುಕ್ಕಾಲು ಗಂಟೆ, ಗಡಿಯಾರ ನೋಡಿ. ಅವತ್ತು ದರ್ಜಿ ಹೆಂಗಸು ಕೊಡ ತುಂಬಿ ಉಕ್ಕಿದರೂ ನಲ್ಲಿ ನಿಲ್ಲಿಸದೆ ನಿಂತುಬಿಟ್ಟಿದ್ದಳು. "ಉಕ್ಲಿ ಬಿಡಕ್ಕಾ, ಒಂದಿನ ನೋಡ್ಕೊಳ್ತೀನಿ" ಎಂದು ಅತ್ತಿದ್ದಳು.

ಅರ್ಜಿಯ ಕಾಗದ ತಂದವನು ಗಂಡನೇ. ಹೆಂಗಸರಿಗೇ ಈ ಕೆಲಸ ಕೊಡಬೇಕು ಎಂದು ಮೇಲಿನ ಕಚೇರಿಯಿಂದ ಆದೇಶ ಬಂದಿದೆ ಎಂದು ಅವನೇ ಎಲ್ಲಿಂದಲೋ ಕೇಳಿಕೊಂಡು ಬಂದು, ಅವಳ ಎದುರು ಕೂತು, ಅವಳು ಬರೆಯುವುದನ್ನು ನೋಡಿದ್ದ. ಟ್ಯಾಂಕಿನ ಬುಡದ ವಾಲ್ವ್ ಗುಂಡಿಗೆ ಮೊದಲ ದಿನ ಇಳಿದಾಗ ಮೇಲಿನಿಂದ ಟಾರ್ಚು ಬಿಟ್ಟವನೂ ಅವನೇ. ಕೈ ಬೊಬ್ಬೆ ಎದ್ದಾಗ ಟ್ಯೂಬಿನ ರಬ್ಬರು ಕತ್ತರಿಸಿ ಕೀಲಿಯ ಹಿಡಿಗೆ ಸುತ್ತಿಕೊಟ್ಟಿದ್ದ. ಅವನ ಪಂಕ್ಚರ್ ಅಂಗಡಿಯ ಬೆಂಚಿನ ಮೇಲೆ ಊರ ಗಂಡಸರೆಲ್ಲ ಬಂದು ಕೂರುತ್ತಿದ್ದರು. ಅವನನ್ನು ಅವರು 'ನೀರಗಂಟಿ ಗಂಡ' ಎಂದು ಕರೆಯತೊಡಗಿದಾಗ ಮನೆಗೆ ಬಂದು ಅವನೇ ನಗುತ್ತಾ ಹೇಳಿದ್ದ, ಅವಳೂ ನಕ್ಕಿದ್ದಳು. ಆಮೇಲೆ ಯಾವಾಗಲೋ ಅವನು ಹೇಳುವುದನ್ನು ನಿಲ್ಲಿಸಿದ. ಅವರು ಕರೆಯುವುದನ್ನು ನಿಲ್ಲಿಸಿರಬಹುದು ಎಂದು ಅವಳು ಅಂದುಕೊಂಡಿದ್ದಳು. ಒಂದು ಸಲ, ಹೌದು, ಒಂದು ಸಲ ಅವನು ಮೂರು ಜನ ಗೆಳೆಯರ ಜೊತೆ ಗುಂಡಿಯ ಹತ್ತಿರ ಬಂದು, "ಇವರ ಮನೇಲಿ ನೆಂಟರಿದ್ದಾರೆ, ಮೇಲಿನ ಬೀದಿಗೆ ಇನ್ನೊಂದು ಇಪ್ಪತ್ತು ನಿಮಿಷ ಬಿಡು" ಅಂದಿದ್ದ. ಅವಳು ಗುಂಡಿಯೊಳಗಿನಿಂದಲೇ, ತಲೆ ಎತ್ತದೆ, "ನೆಂಟರು ತಗ್ಗಿನ ಬೀದಿಗೂ ಬರ್ತಾರೆ ರೀ" ಎಂದಿದ್ದಳು. ಮೇಲೆ ಯಾರೋ ನಕ್ಕಿದ್ದರು. ಗಂಡನ ಚಪ್ಪಲಿಗಳು ಸ್ವಲ್ಪ ಹೊತ್ತು ಗುಂಡಿಯ ಅಂಚಿನಲ್ಲೇ ಇದ್ದವು, ಆಮೇಲೆ ಇರಲಿಲ್ಲ. ಮೆಲ್ಲಗೆ ಹೇಳಬಹುದಿತ್ತು. ಮೇಲೆ ಹತ್ತಿ ಬಂದು, ಪಕ್ಕಕ್ಕೆ ಕರೆದು ಹೇಳಬಹುದಿತ್ತು.

ಶಾಲೆಯ ಜಗಲಿಯಲ್ಲಿ ನಾಲ್ಕು ಗಂಟೆಗೆ ಎಲ್ಲರೂ ಸೇರಿದರು. ಹೆಂಗಸರು ನೆಲದ ಮೇಲೆ, ಗಂಡಸರು ಗೋಡೆಗೆ ಒರಗಿ ಹೊರಗೆ. ಪಂಚಾಯಿತಿ ಅಧ್ಯಕ್ಷ ಮಕ್ಕಳ ಬೆಂಚಿನ ಮೇಲೆ ಮಂಡಿ ಮಡಚಲಾರದೆ ಕೂತಿದ್ದ. ಕೀಲಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳು ತೊಡೆಯ ಮೇಲೆ ಅಡ್ಡವಾಗಿ ಇಟ್ಟುಕೊಂಡಳು. "ಇದು ಹೆಂಗಸರ ವಿಷಯ" ಎಂದು ಅಧ್ಯಕ್ಷ ಗಂಟಲು ಸರಿಮಾಡಿಕೊಂಡ. "ನೀರು ಹಿಡಿಯೋರು ನೀವು, ಹೊರೋರು ನೀವು. ನಾವು ಗಂಡಸರು ಬಾಯಿ ಹಾಕೋದಿಲ್ಲ. ಹೆಣ್ಣು ಗಂಡು ಸಮ ಅಂತ ಮೇಲಿನವರೂ ಹೇಳ್ತಾರೆ, ನಾವೂ ಒಪ್ಪಿದೀವಿ. ಈಕೇನೇ ಮುಂದುವರೀಲಿ ಅನ್ನೋರು ಕೈ ಎತ್ತಿ ನೋಡೋಣ." ಅವಳಿಗೆ ನಾಚಿಕೆಯಾಯಿತು. ಎಲ್ಲರೂ ತನಗಾಗಿ ಕೈ ಎತ್ತುವುದನ್ನು ತಾನೇ ಕೂತು ನೋಡುವುದು ಹೇಗೆ? ತಲೆ ತಗ್ಗಿಸಿದಳು. ನೆಲದ ಮೇಲೆ ಸೀಮೆಸುಣ್ಣದ ಪುಡಿಯಲ್ಲಿ ಯಾವುದೋ ಮಗುವಿನ ಹೆಬ್ಬೆರಳ ಗುರುತು ಇತ್ತು. ಅದನ್ನು ನೋಡುತ್ತಾ, ಮುಖದ ಮೇಲೆ ಬರುತ್ತಿದ್ದ ನಗುವನ್ನು ತುಟಿಯಲ್ಲೇ ಹಿಡಿದುಕೊಂಡು, ಎಣಿಸುವವರಿಗೆ ಸಾಕಷ್ಟು ಸಮಯ ಸಿಗಲಿ ಎಂದು ಕಾದಳು. ಕೈ ಎತ್ತುವುದು ಸದ್ದಾಗುವ ಕೆಲಸವಲ್ಲ. ಆದರೂ ನಲವತ್ತು ಜನರ ಕೈ ಒಟ್ಟಿಗೆ ಏಳುವಾಗ ಬಟ್ಟೆ ಸರಿದ ಸದ್ದು ಬರಬೇಕು, ಬಳೆಗಳಾದರೂ ಜಾರಬೇಕು. ಯಾರೋ ಕೆಮ್ಮಿದರು. ಅವಳು ತಲೆ ಎತ್ತಿದಳು.

ಒಂದು ಕೈ ಮೇಲಿತ್ತು. ಮೂಲೆಯಲ್ಲಿ ಕೂತ ಕಿವುಡಿ ಅಜ್ಜಿಯದು. ನೋಡುತ್ತಿದ್ದಂತೆ ಆ ಕೈ ತಲೆಯ ಮೇಲಿನ ಬಟ್ಟೆಯನ್ನು ಮುಂದಕ್ಕೆ ಎಳೆದುಕೊಂಡು ಇಳಿಯಿತು. ಉಳಿದ ಕೈಗಳು ಮಡಿಲಲ್ಲಿದ್ದವು, ಮೊಣಕಾಲ ಸಂದಿಯಲ್ಲಿದ್ದವು, ಮಗುವಿನ ಬೆನ್ನ ಮೇಲಿದ್ದವು. ಅವಳು ಒಂದೊಂದೇ ಮುಖ ನೋಡಿದಳು, ಒಂದೊಂದೇ ಮುಖ ಕೆಳಗಾಯಿತು. ದರ್ಜಿ ಹೆಂಗಸು ಬೆರಳ ತುದಿಯ ಸೂಜಿಗಾಯಗಳನ್ನು ಬಹಳ ಎಚ್ಚರದಿಂದ ಪರೀಕ್ಷಿಸುತ್ತಿದ್ದಳು. ಕೆಳಗಾಗದೆ ಉಳಿದ ಮುಖ ಒಂದೇ: ಕಂಬಕ್ಕೆ ಒರಗಿ ಕೂತ ಅಡುಗೆಯಕ್ಕ. ಶಾಲೆಯ ಅಡುಗೆ ಕೆಲಸ ಹೋಗಿ ಎರಡು ವರ್ಷವಾದರೂ ಊರು ಅವಳನ್ನು ಹಾಗೇ ಕರೆಯುತ್ತಿತ್ತು. ಅವಳ ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡಿದ್ದವು, ಕಣ್ಣು ನೇರ ಇವಳ ಕಣ್ಣಲ್ಲಿತ್ತು. "ಆಯ್ತು, ಬೇಡ ಅನ್ನೋರನ್ನ ಕೇಳೋದು ಬೇಡ ಬಿಡಿ" ಎಂದ ಅಧ್ಯಕ್ಷ, ದೊಡ್ಡ ಮನಸ್ಸಿನಿಂದ. "ಯಾಕೆ ಒಬ್ಬರ ಮನಸ್ಸು ನೋಯಿಸೋದು. ಎರಡು ವರ್ಷ ಚೆನ್ನಾಗೇ ಮಾಡಿದಾಳೆ. ಎಲ್ಲರೂ ಒಂದು ಚಪ್ಪಾಳೆ ತಟ್ಟಿ." ತಟ್ಟಿದರು. ಎದ್ದಿರದ ಕೈಗಳೆಲ್ಲ ಎದ್ದು ತಟ್ಟಿದವು, ಜೋರಾಗಿಯೇ, ಬೇಗ ಮುಗಿದರೆ ಸಾಕೆಂಬಂತೆ. ಅಧ್ಯಕ್ಷ ಚಾಚಿದ ಕೈಗೆ ಅವಳು ಕೀಲಿಯನ್ನು ಕೊಟ್ಟಳು. ಭಾರಕ್ಕೆ ಅವನ ಕೈ ಜಗ್ಗಿದಾಗ, "ಎರಡು ಕೈಯಲ್ಲಿ ಹಿಡ್ಕೊಳ್ಳಿ" ಎಂದೂ ಹೇಳಿದಳು. ಹೊರಗೆ ಗೋಡೆಯ ಹತ್ತಿರ ಗಂಡನಿದ್ದ. ಇದ್ದನೇ? ಅವಳು ನೋಡುವಷ್ಟರಲ್ಲಿ ಅಲ್ಲಿ ಗೋಡೆಯಷ್ಟೇ ಇತ್ತು.

ಇದೇ ಜಗಲಿ. ಎರಡು ವರ್ಷದ ಹಿಂದೆ, ಅವತ್ತೂ ಹೀಗೇ ಸೀಮೆಸುಣ್ಣದ ವಾಸನೆ. ದಾಸ್ತಾನು ಕೋಣೆಯಲ್ಲಿ ಉಗ್ರಾಣದವನು ಕೈ ಹಿಡಿದೆಳೆದ ಎಂದು ಅಡುಗೆಯಕ್ಕ ನಿಂತು ಹೇಳಿದ್ದಳು, ಧ್ವನಿ ಎತ್ತದೆ, ಉಪ್ಪು ಮುಗಿದಿದೆ ಎನ್ನುವಂತೆ. "ಯಾರಾದ್ರೂ ನೋಡಿದೀರಾ? ನೋಡಿದೋರು ಕೈ ಎತ್ತಿ" ಎಂದು ಅಧ್ಯಕ್ಷ ಕೇಳಿದ್ದ. ಅವಳು ನೋಡಿದ್ದಳು. ಮಗಳು ಮರೆತುಹೋಗಿದ್ದ ಪುಸ್ತಕ ಕೊಡಲು ಬಂದವಳು, ಕೋಣೆಯ ಬಾಗಿಲು ಧಡ್ಡನೆ ತೆರೆದದ್ದನ್ನೂ, ಅಡುಗೆಯಕ್ಕ ತೋಳಿನ ಹೊಲಿಗೆ ಬಿಚ್ಚಿ ಹೊರಬಂದದ್ದನ್ನೂ, ಅವಳ ಹಿಂದೆ ಕತ್ತಲಲ್ಲಿ ಆ ಮನುಷ್ಯನ ಬಿಳಿ ಅಂಗಿಯನ್ನೂ ನೋಡಿದ್ದಳು. ಅಡುಗೆಯಕ್ಕನೂ ತನ್ನನ್ನು ಯಾರು ನೋಡಿದರೆಂದು ನೋಡಿದ್ದಳು. "ಇನ್ನೆರಡು ದಿನದಲ್ಲಿ ನಿನ್ನ ಕೆಲಸದ ಕಾಗದ ಬರುತ್ತೆ. ಈಗ ನಿನಗ್ಯಾಕೆ ಬೇಕು ಆ ಉಸಾಬರಿ" ಎಂದಿದ್ದ ಗಂಡ. ಅವನು ಹೇಳಿದ್ದಕ್ಕೇ ಸುಮ್ಮನಿದ್ದೆ ಎಂದು ಎರಡು ವರ್ಷ ಹೇಳಿಕೊಂಡಿದ್ದಳು. ನಿಜವಾಗಿ ಆ ಹೊತ್ತಿನಲ್ಲಿ ಅವಳ ತಲೆಯಲ್ಲಿ ಗಂಡ ಇರಲಿಲ್ಲ. ಬಲಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಳು, ತಾನೇ ಎದ್ದುಬಿಟ್ಟೀತು ಎಂಬ ಭಯದಿಂದ. ಕೈ ಜೋಮು ಹಿಡಿದಿತ್ತು. ಆದ್ದರಿಂದ ಈಗ ಈ ನಲವತ್ತು ಜನರ ಮೇಲೆ ಸಿಟ್ಟು ಮಾಡಿಕೊಳ್ಳಲು ಹೋದರೆ ಪ್ರತಿಯೊಬ್ಬಳ ತೊಡೆಯ ಕೆಳಗೂ ತನ್ನದೇ ಕೈ ಕಾಣುತ್ತಿತ್ತು, ಆದರೂ ಸಿಟ್ಟು ಇಳಿಯುತ್ತಿರಲಿಲ್ಲ. ತಾನು ಮಾಡಿದ್ದು ಒಂದು ಸಲ, ಒಬ್ಬಳಿಗೆ. ಇವರಿಗೆ ತಾನು ದಿನಾ ಬೆಳಿಗ್ಗೆ ನೀರು ಕೊಟ್ಟಿದ್ದಳು. ಹೀಗೆ ತೂಗಿ ನೋಡುತ್ತಿರುವ ತನ್ನ ಬಗ್ಗೆಯೇ ಅವಳಿಗೆ ಅಸಹ್ಯವಾಯಿತು.

ಎಲ್ಲರೂ ಹೋದ ಮೇಲೆ ಶಾಲೆಯ ಗೇಟಿನ ಹತ್ತಿರ ಅಡುಗೆಯಕ್ಕ ನಿಂತಿದ್ದಳು. ಇವಳಿಗಾಗಿಯೇ ನಿಂತಿದ್ದಳೆಂದು ಗೊತ್ತಾಗಿ, ದಾಟಿ ಹೋಗಲಾರದೆ ಇವಳೂ ನಿಂತಳು.

"ನಿನ್ನ ಗಂಡ ಎಲ್ಲರ ಮನೆಗೂ ಹೋಗಿದ್ದ" ಎಂದಳು ಅಡುಗೆಯಕ್ಕ. "ವಾರದಿಂದ. ಒಂದು ಮನೇನೂ ಬಿಟ್ಟಿಲ್ಲ."

"ಯಾಕೆ?"

"ನಿನಗೆ ಸೊಂಟನೋವಂತೆ. ಗುಂಡಿಗೆ ಇಳಿಯೋಕೆ ಆಗ್ತಿಲ್ಲವಂತೆ. ಬಿಡಬೇಕು ಅಂತ ನಿನಗೇ ಆಸೆಯಂತೆ, ಬಾಯಿಬಿಟ್ಟು ಹೇಳೋಕೆ ಸಂಕೋಚವಂತೆ. ಯಾರೂ ಕೈ ಎತ್ತದಿದ್ರೆ ಅವಳಿಗೇ ಉಪಕಾರ ಅಂದನಂತೆ."

"ಅದನ್ನ ನಂಬಿದ್ರಾ?"

"ನಂಬೋದು ಸುಲಭ ಇತ್ತು. ಅವರವರ ಗಂಡಂದಿರೂ ಅದನ್ನೇ ಹೇಳಿದ್ರಲ್ಲ. ನಿನ್ನನ್ನ ಒಂದು ಮಾತು ಕೇಳೋಣ ಅಂತ ಒಬ್ಬಳಿಗೂ ಅನ್ನಿಸ್ಲಿಲ್ಲ ನೋಡು."

ಅವಳು ಗೇಟಿನ ಕಂಬಿ ಹಿಡಿದುಕೊಂಡಳು. "ನಿಮ್ಮನೆಗೂ ಬಂದಿದ್ರಾ, ಅಕ್ಕಾ?"

"ಇಲ್ಲ. ನಮ್ಮನೆಗೊಂದು ಬರ್ಲಿಲ್ಲ." ಅಡುಗೆಯಕ್ಕನ ಕಣ್ಣು ಅವಳ ಮೇಲೇ ಇತ್ತು. "ಬರೋ ಅಗತ್ಯ ಇಲ್ಲ ಅಂತ ಅವನಿಗೆ ಗೊತ್ತಿತ್ತು."

"ಅಕ್ಕಾ, ನಾನು ಅವತ್ತು…"

"ಬೇಡ" ಎಂದಳು ಅಡುಗೆಯಕ್ಕ. "ಇವತ್ತು ಹೇಳಬೇಡ. ಇವತ್ತು ಹೇಳಿದ್ರೆ ಅದು ನನಗೋಸ್ಕರ ಹೇಳಿದ್ದಾಗೋದಿಲ್ಲ."

ಮನೆಗೆ ಬಂದಾಗ ಗಂಡ ಒಲೆಯ ಮುಂದಿದ್ದ. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಅವನು ಚಹಾ ಮಾಡಿದ್ದನ್ನು ಅವಳು ನೋಡಿದ್ದು ಎರಡು ಸಲ, ಎರಡೂ ಸಲ ಅವಳು ಹೆತ್ತಾಗ. ಲೋಟ ತಂದು ಕೈಗೆ ಕೊಟ್ಟು, "ತಲೆ ಕೆಡಿಸ್ಕೋಬೇಡ" ಎಂದ. ಲೋಟ ಸುಡುತ್ತಿತ್ತು, ಕೆಳಗಿಡಲು ತೋಚಲಿಲ್ಲ. "ಕೆಲಸ ಎಲ್ಲೂ ಹೋಗಿಲ್ಲ. ಮನೇಲೇ ಇದೆ." ಅವನು ಕಣ್ಣು ಹೊರಳಿಸಿದ ಕಡೆ ಅವಳೂ ನೋಡಿದಳು. ಬಾಗಿಲ ಹಿಂದೆ, ದಿನಾ ಅವಳು ಒರಗಿಸಿಡುವ ಜಾಗದಲ್ಲೇ, ಕೀಲಿ ಒರಗಿತ್ತು.

"ಅಂದ್ರೆ?"

"ನನ್ನ ಹೆಸರಿಗೆ ಮಾಡಿದಾರೆ. ಯಾರ ಪಾಲಿಗೋ ಹೋಗೋ ಬದಲು ನಮ್ಮಲ್ಲೇ ಇರ್ಲಿ ಅಂತ ನಾನೇ ಅಧ್ಯಕ್ಷರ ಹತ್ರ ಮಾತಾಡ್ದೆ. ನಿನಗೂ ಗುಂಡಿಗೆ ಇಳಿಯೋ ಕಷ್ಟ ತಪ್ಪಿತು."

"ಹೆಂಗಸರಿಗೇ ಕೊಡಬೇಕು ಅಂತ ಆದೇಶ ಇದೆಯಲ್ಲ?"

"ಕಾಗದದಲ್ಲಿ ನಿನ್ನ ಹೆಸರೇ ಇರುತ್ತೆ. ಕಚೇರಿ ಗೋಡೆ ಮೇಲೆ ನಿನ್ನ ಫೋಟೋನೂ ಇರುತ್ತೆ. ಯಾರು ಬಂದು ನೋಡ್ತಾರೆ?"

"ನನಗೆ ಸೊಂಟನೋವಾ?" ಎಂದು ಕೇಳಿದಳು. ಅವನ ಮುಖದಲ್ಲಿ ಸಿಕ್ಕಿಬಿದ್ದವನ ಗಾಬರಿ ಇರಲಿಲ್ಲ. ಅದಿದ್ದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಲ್ಲಿದ್ದದ್ದು ದಣಿವು, ಮೊಂಡು ಮಗುವಿಗೆ ಮತ್ತೆ ಮತ್ತೆ ತಿಳಿಹೇಳುವವರ ದಣಿವು. "ಆ ಅಂಗಡಿ ಬೆಂಚಿನ ಮೇಲೆ ದಿನಾ ಕೂರೋನು ನಾನು" ಎಂದ. "ನೀನಲ್ಲ. ಎರಡು ವರ್ಷ ಕೇಳಿಸ್ಕೊಂಡೆ. ಜೋರಾಗಿ ಮಾತಾಡಿದೀನಾ? ಕೈ ಎತ್ತಿದೀನಾ ನಿನ್ನ ಮೇಲೆ? ಇನ್ನೊಬ್ಬನಾಗಿದ್ರೆ ಏನು ಮಾಡ್ತಿದ್ದ ಯೋಚನೆ ಮಾಡು." ಅವಳು ಯೋಚನೆ ಮಾಡಿದಳು. ಇನ್ನೊಬ್ಬನಾಗಿದ್ದರೆ ಅಂಗಳದಲ್ಲಿ ನಿಂತು ಕಿರುಚುತ್ತಿದ್ದ, ಇವಳೂ ಕಿರುಚುತ್ತಿದ್ದಳು, ಬೀದಿಗೆಲ್ಲ ಕೇಳಿಸುತ್ತಿತ್ತು, ಯಾರ ಕಡೆ ನಿಲ್ಲಬೇಕೆಂದು ಜನರಿಗೆ ಗೊತ್ತಾಗುತ್ತಿತ್ತು. ಇವನು ಮೆತ್ತಗೆ ನಲವತ್ತು ಬಾಗಿಲು ತಟ್ಟಿದ್ದ. ಯಾವ ಮನೆಯಲ್ಲಿ ಕೂತು ಹೇಳಿದ, ಯಾವ ಮನೆಯಲ್ಲಿ ನಿಂತೇ ಹೇಳಿದ? ಹೇಳುವಾಗ ಸೊಂಟದ ಮೇಲೆ ಕೈಯಿಟ್ಟು ತೋರಿಸಿದನೇ, ಇಲ್ಲಿ ನೋವು ಅವಳಿಗೆ ಎಂದು? ಹಾಗೆ ಹೇಳಿ ಬಂದು ಅದೇ ದಿನಗಳಲ್ಲಿ ಅವಳ ಎದುರು ಕೂತು ಉಂಡಿದ್ದಾನೆ, ಇನ್ನೊಂಚೂರು ಹಾಕು ಎಂದಿದ್ದಾನೆ. ಟಾರ್ಚು ಹಿಡಿದವನು, ರಬ್ಬರು ಸುತ್ತಿಕೊಟ್ಟವನು ಬೇರೆ ಯಾರೋ ಆಗಿದ್ದರೆ ಅವನನ್ನಾದರೂ ನೆನಪಿನಲ್ಲಿ ಇಟ್ಟುಕೊಳ್ಳಬಹುದಿತ್ತು. ಅವನೂ ಇವನೇ. ಯಾವಾಗಿನಿಂದ? ಗುಂಡಿಯ ಅಂಚಿನಿಂದ ಆ ಚಪ್ಪಲಿಗಳು ಸರಿದ ದಿನದಿಂದಲೇ? ಅಥವಾ ಅರ್ಜಿ ತುಂಬಿಸುವಾಗಲೇ, ಒಂದು ದಿನ ಇದು ನನ್ನದಾಗುತ್ತದೆ ಎಂದು ಎಲ್ಲೋ ಒಂದು ಮೂಲೆಯಲ್ಲಿ ಇತ್ತೇ? ಅವನಿಗೂ ಗೊತ್ತಿರಲಿಕ್ಕಿಲ್ಲ. "ಬೆಳಿಗ್ಗೆ ಯಾವ ವಾಲ್ವ್ ಎಷ್ಟು ತಿರುಗಿಸಬೇಕು ಅಂತ ಹೇಳಿಬಿಡು" ಎಂದ ಅವನು, ಸಲಿಗೆಯಿಂದ. "ಕೆಲಸ ನಿಂದೇ ಅಂದ್ಕೋ. ತಿರುಗಿಸೋದು ಮಾತ್ರ ನಾನು." ಅವಳು ಆರಿದ ಚಹಾವನ್ನು ಬಚ್ಚಲಿಗೆ ಸುರಿದು ಲೋಟ ತೊಳೆದು ಬೋರಲು ಹಾಕಿದಳು. ಅವನಿಗೆ ಅದೇ ಒಪ್ಪಿಗೆಯೆಂದು ಕಂಡಿರಬೇಕು. ಗಡಿಯಾರ ಎಲ್ಲಿದೆ ಎಂದು ಕೇಳಿದ.

ಬೆಳಿಗ್ಗೆ ಅವಳು ಎರಡು ಕೊಡ ತೆಗೆದುಕೊಂಡು ಹೋಗಿ ತಗ್ಗಿನ ಬೀದಿಯ ನಲ್ಲಿಯ ಸಾಲಿನಲ್ಲಿ ನಿಂತಳು. ಹೆಂಗಸರು ಜಾಗ ಬಿಟ್ಟರು, ಮುಂದೆ ಬಾ ಎಂದರು. ಅವಳು ಹಿಂದೆಯೇ ನಿಂತಳು. ಮೇಲಿನ ಬೀದಿಯ ಹೊತ್ತು ಮುಗಿದು ಕಾಲು ಗಂಟೆಯಾಯಿತು. ನಲ್ಲಿ ಒಮ್ಮೆ ಬುಸ್ಸೆಂದಿತು, ಕೆಮ್ಮಿತು, ಎರಡು ಹನಿ ಉಗುಳಿ ಸುಮ್ಮನಾಯಿತು. ಯಾರೂ ಅವಳ ಕಡೆ ತಿರುಗಲಿಲ್ಲ, ಆದರೆ ಬೆನ್ನುಗಳೆಲ್ಲ ಅವಳನ್ನೇ ನೋಡುತ್ತಿರುವಂತೆ ಗಟ್ಟಿಯಾದವು. ಅವನು ವಾಲ್ವನ್ನು ಒಂದೇ ಸಲಕ್ಕೆ ಪೂರ್ತಿ ತೆರೆದಿದ್ದಾನೆ, ದಿಬ್ಬದ ತಲೆಯಲ್ಲಿ ಪೈಪಿನೊಳಗೆ ಗಾಳಿ ಸಿಕ್ಕಿಕೊಂಡಿದೆ ಎಂದು ಅವಳಿಗೆ ಇಲ್ಲಿ ನಿಂತೇ ಗೊತ್ತಾಯಿತು. ಒಳಗೆ ಎಲ್ಲೋ ಒಂದು ಸಂತೋಷ ಮೊಳೆಯಿತು. ಹೊರಲಿ, ಹಳೆಯ ಬಾವಿಗೆ ಹೋಗಿ ಸೇದಲಿ. ಕೈ ಎತ್ತಲಾರದವರು ಹಗ್ಗ ಎಳೆಯಲಿ. ಆ ಸಂತೋಷ ಎಷ್ಟು ಗಟ್ಟಿಯಾಗಿತ್ತೆಂದರೆ ಅವಳಿಗೇ ಹೆದರಿಕೆಯಾಯಿತು. ಸಾಲಿನ ನಡುವೆ ಅಡುಗೆಯಕ್ಕನೂ ಇದ್ದಳು, ತೂತು ಬಿದ್ದು ಬೆಸುಗೆ ಹಾಕಿಸಿದ ಒಂದೇ ಒಂದು ಕೊಡ ಹಿಡಿದು.

ದಿಬ್ಬದ ಮೇಲಿನಿಂದ ಗಂಡನ ಕೂಗು ಕೇಳಿಸಿತು. "ಏಯ್! ಬಾರೇ ಇಲ್ಲಿ ಸ್ವಲ್ಪ!" ಬಚ್ಚಲಿಂದ ಟವೆಲು ಕೇಳುವ ಧ್ವನಿ. ಅವಳು ಅಲುಗಲಿಲ್ಲ. ಮತ್ತೆ ಕೂಗಿದ. ಆಮೇಲೆ ಅವನೇ ಇಳಿದು ಬಂದ, ಪೈಜಾಮ ಮೊಣಕಾಲವರೆಗೂ ಕೆಸರು, ಹಿಂದೆ ಅಂಗಡಿ ಬೆಂಚಿನ ಇಬ್ಬರು. ಸಾಲಿನ ಹತ್ತಿರ ಬಂದು, ಇಷ್ಟು ಹೆಂಗಸರ ನಡುವೆ ಹೇಗೆ ಕೇಳುವುದೆಂದು ಒಂದು ಕ್ಷಣ ನಿಂತ. ಅವಳ ಪಕ್ಕಕ್ಕೆ ಬಾಗಿ ಪಿಸುಗುಟ್ಟಿದ, "ಎಷ್ಟು ಸುತ್ತು? ಬೇಗ ಹೇಳು, ಮಾನ ಹೋಗ್ತಿದೆ."

ಕಿವಿಯಲ್ಲಿ ಹೇಳಿಬಿಟ್ಟರೆ ಮುಗಿಯಿತು. ದಿನಾ ಬೆಳಿಗ್ಗೆ ಅಷ್ಟೇ, ಅವನ ಕಿವಿಗೆ ಒಂದು ಮಾತು. ಹೇಳದಿದ್ದರೂ ಮುಗಿಯಿತು, ಬೀದಿಗೆ ನೀರಿಲ್ಲ. ಅವಳು ಕೊಡಗಳನ್ನು ಕೆಳಗಿಟ್ಟಳು. ಅವನ ಕಡೆ ತಿರುಗಲಿಲ್ಲ. ಸಾಲಿನ ಕಡೆ ತಿರುಗಿ, ತಗ್ಗಿನ ಬೀದಿಯ ಕೊನೆಯ ಮನೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: "ಎಲ್ಲರೂ ಕೇಳಿಸ್ಕೊಳ್ಳಿ. ಮೇಲಿನ ಬೀದಿ ವಾಲ್ವ್ ಪೂರ್ತಿ ಮುಚ್ಚಬೇಕು, ಚೂರೂ ಬಿಡಬಾರದು. ನಮ್ಮದು ಎಡಗಡೆಯದು. ಮೊದಲು ನಾಲ್ಕು ಸುತ್ತು, ಅಷ್ಟೇ. ನಲ್ಲಿ ಕೆಮ್ಮೋಕೆ ಶುರು ಮಾಡುತ್ತೆ. ಕೆಮ್ಮಿ ನಿಲ್ಲೋವರೆಗೂ ಕಾಯಬೇಕು. ಆಮೇಲೆ ಉಳಿದ ಏಳು. ಒಟ್ಟು ಹನ್ನೊಂದು. ಒಂದೂಮುಕ್ಕಾಲು ಗಂಟೆ ಬರುತ್ತೆ. ಒಂದು ನಿಮಿಷ ಕಡಿಮೆ ಬಂದ್ರೂ ನೀರು ಏರ್ಲಿಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಏರುತ್ತೆ."

"ಇದನ್ನೆಲ್ಲ ಬೀದೀಲಿ ಹೇಳ್ತಾರಾ?" ಎಂದ ಗಂಡ, ಬಹಳ ಮೆಲ್ಲಗೆ.

ಬೆಂಚಿನ ಇಬ್ಬರಲ್ಲಿ ಒಬ್ಬ ನೆಲ ನೋಡುತ್ತಿದ್ದ, ಇನ್ನೊಬ್ಬ ಅವಳ ಗಂಡನನ್ನು ನೋಡುತ್ತಿದ್ದ. ಗಂಡ ತಿರುಗಿ ದಿಬ್ಬ ಹತ್ತಿದ. ಆಮೇಲೆ ಯಾರೋ ಉಸಿರಿನೊಳಗೇ ಅನ್ನುವಂತೆ, "ನಾಲ್ಕು, ಕೆಮ್ಮಿ ನಿಂತ ಮೇಲೆ ಏಳು" ಎಂದರು. ಇನ್ನೊಬ್ಬರು "ಎಡಗಡೆಯದು" ಎಂದು ಸೇರಿಸಿದರು. ಮೊದಲನೆಯ ಧ್ವನಿ ದರ್ಜಿ ಹೆಂಗಸಿನದು ಎಂದು ಅವಳಿಗೆ ಗೊತ್ತಾಯಿತು. ಅತ್ತು ಒರಟಾದ ಧ್ವನಿ. ಅಕ್ಕಾ ಎಂದು ಅದು ಕರೆಯಿತು ಕೂಡ. ಅವಳು ತಿರುಗಿ ನೋಡಲಿಲ್ಲ. ನೀರು ಬಂದಾಗ ತನ್ನ ಸರದಿ ಬರುವವರೆಗೂ ನಿಂತು, ಎರಡು ಕೊಡ ತುಂಬಿಕೊಂಡು, ಯಾರ ಜೊತೆಗೂ ಮಾತಾಡದೆ, ಬಾಗಿಲ ಹಿಂದೆ ಕೀಲಿ ಒರಗುವ ಆ ಮನೆಯ ಕಡೆ ನಡೆದಳು.